ಸೇ, ಟೆಲ್, ಸ್ಪೀಕ್, ಟಾಕ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕನ್ನಡ ಅಥವಾ ತುಳು, ಪಕ್ಕದ ಮನೆಯವರ ಜೊತೆ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಆಫೀಸಿಗೆ ಹೋದರೆ ಇಂಗ್ಲಿಷ್. ಮುಂಬಯಿಯಲ್ಲಿ ನಮ್ಮವರ ದಿನ ಹೀಗೇ ಸಾಗುತ್ತದೆ. ಇಷ್ಟೆಲ್ಲ ಭಾಷೆ ನಿಭಾಯಿಸುವವರೂ ಇಂಗ್ಲಿಷಿನ ನಾಲ್ಕು ಸಣ್ಣ ಕ್ರಿಯಾಪದಗಳ ಹತ್ತಿರ ಬಂದಾಗ ತಡವರಿಸುತ್ತಾರೆ. ಡೊಂಬಿವಲಿಯಲ್ಲಿ ವಾರದ ಕೊನೆಗೆ ನಾನು ನಡೆಸುವ ಇಂಗ್ಲಿಷ್ ಕ್ಲಾಸಿಗೆ ಹೋಟೆಲಿನವರು, ಬ್ಯಾಂಕಿನವರು, ಮಕ್ಕಳಿಗೆ ಹೋಂವರ್ಕ್ ಮಾಡಿಸುವ ಅಮ್ಮಂದಿರು, ರಿಟೈರ್ ಆದವರು ಎಲ್ಲರೂ ಬರುತ್ತಾರೆ. ಕೆಲಸ ಬೇರೆ, ವಯಸ್ಸು ಬೇರೆ, ಆದರೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಇಂಗ್ಲಿಷ್ ವಾಕ್ಯಗಳನ್ನು ಬಾಯಲ್ಲಿ ಬರುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಜೋರಾಗಿ ಓದಿಕೊಳ್ಳಿ, ಆಗ ಕಿವಿಗೆ ಹತ್ತುತ್ತದೆ.

ನಮಗೆ 'ಹೇಳು', 'ಮಾತಾಡು' ಎರಡೇ ಸಾಕು. ಇಂಗ್ಲಿಷಿಗೆ ನಾಲ್ಕು ಯಾಕೆ ಬೇಕು?

ಪ್ರತಿಯೊಂದಕ್ಕೂ ಬೇರೆ ಕೆಲಸ ಇದೆ. 'ಸೇ' ಬಂದರೆ ನಮ್ಮ ಗಮನ ಆಡಿದ ಮಾತಿನ ಮೇಲೆ: ಏನು ಹೇಳಿದರು? 'ಟೆಲ್' ಬಂದರೆ ಗಮನ ಕೇಳಿಸಿಕೊಂಡವರ ಮೇಲೆ: ಯಾರಿಗೆ ಹೇಳಿದರು? 'ಸ್ಪೀಕ್' ಅಂದರೆ ಬಾಯಿ ಬಿಟ್ಟು ಮಾತಾಡುವುದು, ಒಂದು ಭಾಷೆ ಬರುವುದು, ಸಭೆಯಲ್ಲಿ ನಿಂತು ಮಾತಾಡುವುದು. 'ಟಾಕ್' ಅಂದರೆ ಇಬ್ಬರು ಮೂವರು ಕೂತು ಮಾತಾಡುವುದು.

ಇದನ್ನು ಉರು ಹೊಡೆಯಬೇಡಿ. ಕ್ರಿಯಾಪದ ಆದ ಕೂಡಲೇ ಏನು ಬರುತ್ತದೆ ಅಂತ ನೋಡಿ, ಅದೇ ಸಾಕು. ಮನುಷ್ಯ ಬಂದರೆ 'ಟೆಲ್'. ಮಾತು ಬಂದರೆ 'ಸೇ'. ಭಾಷೆಯ ಹೆಸರು ಬಂದರೆ 'ಸ್ಪೀಕ್'. 'ಟು', 'ಅಬೌಟ್' ಬಂದರೆ 'ಟಾಕ್' ಅಥವಾ 'ಸ್ಪೀಕ್'. ತಪ್ಪುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸರಿಹೋಗುತ್ತವೆ.

'ಹಿ ಸೆಡ್ ಮಿ' ಯಾಕೆ ತಪ್ಪು? ನಾವು 'ಅವನು ನನಗೆ ಹೇಳಿದ' ಅಂತ ಹೇಳೋದಿಲ್ವಾ?

ಹೇಳುತ್ತೇವೆ. ಕನ್ನಡದಲ್ಲಿ 'ನನಗೆ ಅವನು ಹೇಳಿದ' ಅಂದರೂ ಸರಿ, 'ಅವನು ಹೇಳಿದ ನನಗೆ' ಅಂದರೂ ಸರಿ. 'ನನಗೆ' ಅನ್ನುವುದರಲ್ಲಿರುವ ಆ 'ಗೆ' ಎಲ್ಲಿ ಕೂತರೂ ತನ್ನ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಪದ ಯಾವ ಜಾಗದಲ್ಲಿದೆ ಅನ್ನುವುದು, ಇಲ್ಲವೇ 'ಟು' ಅನ್ನುವ ಸಣ್ಣ ಪದ, ಇವೆರಡೇ ಆ ಕೆಲಸ ಮಾಡಬೇಕು. 'ಟೆಲ್' ತನ್ನ ಪಕ್ಕದಲ್ಲೇ ಮನುಷ್ಯನನ್ನು ಕೂರಿಸಿಕೊಳ್ಳುತ್ತದೆ, ಅದಕ್ಕೆ 'ಟು' ಬೇಡ. 'ಸೇ' ಹಾಗಲ್ಲ, 'ಟು' ಇಲ್ಲದೆ ಮನುಷ್ಯನನ್ನು ಹತ್ತಿರ ಸೇರಿಸುವುದಿಲ್ಲ.

'ಹಿ ಟೋಲ್ಡ್ ಮಿ' ಸರಿ. 'ಹಿ ಸೆಡ್ ಟು ಮಿ' ಸರಿ. 'ಹಿ ಸೆಡ್ ಮಿ' ತಪ್ಪು, 'ಹಿ ಟೋಲ್ಡ್ ಟು ಮಿ' ಕೂಡ ತಪ್ಪು. ಈ ನಾಲ್ಕನ್ನು ಒಟ್ಟಿಗೆ ಹೇಳಿಕೊಂಡು ಅಭ್ಯಾಸ ಮಾಡಿ. ದಿನನಿತ್ಯದ ಮಾತಿನಲ್ಲಿ 'ಹಿ ಟೋಲ್ಡ್ ಮಿ' ಜಾಸ್ತಿ ಬರುತ್ತದೆ. 'ಹಿ ಸೆಡ್ ಟು ಮಿ' ಬರುವುದು ಹೆಚ್ಚಾಗಿ ಆಡಿದ ಮಾತನ್ನು ಹಾಗೇ ಒಪ್ಪಿಸುವಾಗ.

ಹೇಳಿದ ವಿಷಯ ಮೊದಲು ಬಂದು ಮನುಷ್ಯ ಆಮೇಲೆ ಬಂದರೆ 'ಟೆಲ್' ಜೊತೆಗೂ 'ಟು' ಬೇಕಾಗುತ್ತದೆ: 'ಶಿ ಟೋಲ್ಡ್ ದ ಸ್ಟೋರಿ ಟು ಹರ್ ಗ್ರ್ಯಾಂಡ್‌ಸನ್'.

'ಹಿ ಟೋಲ್ಡ್ ದಟ್ ಹಿ ವಿಲ್ ಕಮ್' ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಅದೂ ತಪ್ಪಾ?

ತಪ್ಪು. 'ಬರ್ತೀನಿ ಅಂತ ಹೇಳಿದ' ಅನ್ನುವುದನ್ನು ಇದ್ದ ಹಾಗೇ ಎತ್ತಿ ಇಟ್ಟಿದ್ದರಿಂದ ಹೀಗಾಗುತ್ತದೆ. ಯಾರಿಗೆ ಹೇಳಿದ ಅನ್ನುವುದು ವಾಕ್ಯದಲ್ಲಿ ಇಲ್ಲ, ಹಾಗಾಗಿ 'ಹಿ ಸೆಡ್ ದಟ್ ಹಿ ವುಡ್ ಕಮ್'. ಯಾರಿಗೆ ಅಂತ ಸೇರಿಸಿದರೆ 'ಹಿ ಟೋಲ್ಡ್ ಅಸ್ ದಟ್ ಹಿ ವುಡ್ ಕಮ್'. ಮಧ್ಯದ 'ದಟ್' ಬಿಟ್ಟರೂ ನಡೆಯುತ್ತದೆ, ಮಾತಿನಲ್ಲಿ ಬಿಡುವುದೇ ಹೆಚ್ಚು. ಆಫೀಸಿನ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಒಂದೇ ಒಂದು ತಿದ್ದಿಕೊಳ್ಳಲು ಸಮಯ ಇದೆ ಅನ್ನುವವರು ಇದನ್ನೇ ತಿದ್ದಿಕೊಳ್ಳಿ.

ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಅದರಿಂದ ಏನಾದರೂ ಸಹಾಯ ಆಗುತ್ತಾ?

ತುಂಬಾ ಆಗುತ್ತದೆ. ಊರಲ್ಲಿರುವವರಿಗೆ ಇಲ್ಲದ ಒಂದು ಅನುಕೂಲ ಮುಂಬಯಿ, ಪುಣೆ ಕನ್ನಡಿಗರಿಗೆ ಇದೆ, ಆದರೆ ಯಾರೂ ಅದನ್ನು ಬಳಸಿಕೊಳ್ಳುವುದಿಲ್ಲ.

ಮರಾಠಿಯಲ್ಲಿ 'ತೋ ಮ್ಹಣಾಲಾ' ಅಂದರೆ ಅವನು ಅಂದ. 'ತ್ಯಾನೆ ಮಲಾ ಸಾಂಗಿತಲಂ' ಅಂದರೆ ಅವನು ನನಗೆ ಹೇಳಿದ. 'ತೋ ಮರಾಠೀ ಬೋಲತೋ' ಅಂದರೆ ಅವನು ಮರಾಠಿ ಮಾತಾಡುತ್ತಾನೆ. ಮೂರಕ್ಕೂ ಬೇರೆ ಬೇರೆ ಕ್ರಿಯಾಪದ. 'ಮ್ಹಣಾಲಾ' ಬರುವ ಕಡೆ ಹೆಚ್ಚಾಗಿ 'ಸೆಡ್', 'ಸಾಂಗಿತಲಂ' ಬರುವ ಕಡೆ 'ಟೋಲ್ಡ್', 'ಬೋಲತೋ' ಬರುವ ಕಡೆ 'ಸ್ಪೀಕ್ಸ್' ಅಥವಾ 'ಟಾಕ್ಸ್'. ಎಲ್ಲ ಕಡೆ ಒಂದಕ್ಕೊಂದು ಪೂರ್ತಿ ಕೂಡಿಕೊಳ್ಳುವುದಿಲ್ಲ. ಮರಾಠಿಯಲ್ಲಿ 'ತೋ ಮಲಾ ಮ್ಹಣಾಲಾ' ಅಂತಲೂ ಹೇಳಬಹುದು, ಇಂಗ್ಲಿಷಿನಲ್ಲಿ 'ಸೆಡ್ ಮಿ' ಆಗುವುದಿಲ್ಲ. ಆದರೂ ಗೊಂದಲ ಆದಾಗ ಮನಸ್ಸಿನಲ್ಲಿ ಒಮ್ಮೆ ಮರಾಠಿಯಲ್ಲಿ ಹೇಳಿ ನೋಡಿ. ದಾರಿ ಸಿಗುತ್ತದೆ.

ಕನ್ನಡದಲ್ಲೂ ಇದು ಇಲ್ಲದೇ ಇಲ್ಲ. 'ಬರ್ತೀನಿ ಅಂದ' ಮತ್ತು 'ನನಗೆ ಹೇಳಿದ' ಅನ್ನುವುದನ್ನು ಅಕ್ಕಪಕ್ಕ ಇಟ್ಟು ನೋಡಿ. 'ಅಂದ' ಅನ್ನುವಾಗ ಆಡಿದ ಮಾತು ಅದಕ್ಕೆ ಅಂಟಿಕೊಂಡೇ ಬರುತ್ತದೆ. ಸುಮ್ನೆ 'ಅಂದ' ಅಂತ ಹೇಳಿ ನಿಲ್ಲಿಸಿದರೆ, ಏನಂದ ಅಂತ ಎದುರಿನವರು ಕೇಳುತ್ತಾರೆ. 'ಸೆಡ್' ಕೂಡ ಹೀಗೇ. 'ಹೇಳು' ಮಾತ್ರ ಎರಡೂ ಕಡೆ ಓಡಾಡುತ್ತದೆ, ಅಲ್ಲೇ ನಾವು ಎಡವುತ್ತೇವೆ. ಮನೆಯಲ್ಲಿ ತುಳು ಮಾತಾಡುವವರಿಗೆ 'ಪಣ್' ಮತ್ತು 'ಪಾತೆರ್' ಇವೆ. ಅಲ್ಲೂ ಮೊದಲನೆಯದು 'ಸೇ', 'ಟೆಲ್' ಎರಡಕ್ಕೂ ಸಲ್ಲುತ್ತದೆ, ಎರಡನೆಯದು 'ಸ್ಪೀಕ್', 'ಟಾಕ್' ಎರಡಕ್ಕೂ.

ಮುಂಬಯಿ ಹಿಂದಿ ಮಾತ್ರ ಈ ವಿಷಯದಲ್ಲಿ ಕೈ ಕೊಡುತ್ತದೆ. ಪುಸ್ತಕದ ಹಿಂದಿಯಲ್ಲಿ 'ಕೆಹನಾ', 'ಬತಾನಾ', 'ಬೋಲನಾ' ಅಂತ ಮೂರಿವೆ. ಬೀದಿಯಲ್ಲಿ ಎಲ್ಲಕ್ಕೂ 'ಬೋಲಾ'. 'ಉಸ್ನೆ ಮೇರೆಕೋ ಬೋಲಾ' ಅಂತ ದಿನವಿಡೀ ಕೇಳಿದ ಕಿವಿಗೆ 'ಹಿ ಸೆಡ್ ಮಿ' ತಪ್ಪು ಅನಿಸುವುದೇ ಇಲ್ಲ.

'ಟೆಲ್' ಪಕ್ಕ ಮನುಷ್ಯ ಬರಬೇಕು ಅಂದಿರಿ. ಹಾಗಾದರೆ 'ಟೆಲ್ ದ ಟ್ರೂತ್' ಹೇಗೆ ಸರಿ?

ಒಳ್ಳೆಯ ಪ್ರಶ್ನೆ. ಕೆಲವು ಮಾತುಗಳಲ್ಲಿ 'ಟೆಲ್' ಮನುಷ್ಯನಿಲ್ಲದೆ ಬರುತ್ತದೆ. 'ಟೆಲ್ ದ ಟ್ರೂತ್', 'ಟೆಲ್ ಎ ಲೈ', 'ಟೆಲ್ ಎ ಸ್ಟೋರಿ', 'ಟೆಲ್ ಎ ಜೋಕ್', 'ಟೆಲ್ ದ ಟೈಮ್'. ಇವನ್ನು ಇದ್ದ ಹಾಗೇ ಕಲಿಯಬೇಕು. 'ಸೇ ದ ಟ್ರೂತ್', 'ಸೇ ಎ ಲೈ' ಅನ್ನಬಾರದು. 'ಸ್ಪೀಕ್ ದ ಟ್ರೂತ್' ಮಾತ್ರ ಬಳಕೆಯಲ್ಲಿದೆ, ಸ್ವಲ್ಪ ಗಂಭೀರವಾಗಿ ಕೇಳಿಸುತ್ತದೆ.

'ಟೆಲ್' ಅನ್ನುವುದಕ್ಕೆ ಗುರುತು ಹಿಡಿಯುವುದು ಅನ್ನುವ ಅರ್ಥವೂ ಇದೆ. ಮೇ ತಿಂಗಳಲ್ಲಿ ಮಾವಿನಹಣ್ಣು ತರಲು ಇಲ್ಲಿನ ಮಾರ್ಕೆಟ್ಟಿಗೆ ಹೋದವರಿಗೆ ಈ ವಾಕ್ಯ ಬೇಕಾಗುತ್ತದೆ: 'ಕ್ಯಾನ್ ಯು ಟೆಲ್ ದ ಡಿಫರೆನ್ಸ್ ಬಿಟ್ವೀನ್ ಹಾಪೂಸ್ ಅಂಡ್ ಪಾಯರಿ?' ಇಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿಲ್ಲ, ವ್ಯತ್ಯಾಸ ಗೊತ್ತಾಗುತ್ತಾ ಅಂತ ಕೇಳುತ್ತಿದ್ದಾರೆ. 'ಐ ಕಾಂಟ್ ಟೆಲ್' ಅಂದರೆ 'ನನಗೆ ಗೊತ್ತಾಗ್ತಿಲ್ಲ'. ಹೇಳಲಾರೆ ಅಂತ ತಿಳಿದು ಬೇಜಾರು ಮಾಡಿಕೊಳ್ಳಬೇಡಿ.

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹಣ ತೆಗೆದುಕೊಳ್ಳುವ, ಕೊಡುವ ಕೌಂಟರಿನವರಿಗೆ 'ಟೆಲ್ಲರ್' ಅನ್ನುತ್ತಾರಲ್ಲ, ಅವರು ಯಾರಿಗೆ ಏನು ಹೇಳುತ್ತಾರೆ? ಹಳೆಯ ಇಂಗ್ಲಿಷಿನಲ್ಲಿ 'ಟೆಲ್' ಅಂದರೆ ಎಣಿಸು ಅಂತಲೂ ಅರ್ಥ ಇತ್ತು. ಅದರ ಬಂಧುವಾದ ಜರ್ಮನ್ ಪದ 'ತ್ಸೇಲೆನ್' ಇವತ್ತಿಗೂ ಎಣಿಸು ಅನ್ನುವ ಅರ್ಥದಲ್ಲೇ ಇದೆ. ಹಣ ಎಣಿಸುವವರು ಟೆಲ್ಲರ್. ಪರೀಕ್ಷೆಗೆ ಇದು ಬೇಕಿಲ್ಲ, ಆದರೆ ಹೀಗೆ ತಿಳಿದುಕೊಂಡ ಪದ ಮರೆತುಹೋಗುವುದಿಲ್ಲ.

'ಸೇ' ಜೊತೆ ಹೊಂದುವವು ಬೇರೆ: 'ಸೇ ಸಾರಿ', 'ಸೇ ಥ್ಯಾಂಕ್ಸ್', 'ಸೇ ಯೆಸ್', 'ಸೇ ಎ ಪ್ರೇಯರ್'. ಬಾಯಿಂದ ಹೊರಡುವ ಮಾತೇ ಅಲ್ಲಿ ಪಕ್ಕದಲ್ಲಿದೆ ನೋಡಿ.

'ವಾಟ್ ಆರ್ ಯು ಟೆಲಿಂಗ್?' ಅಂತ ಕೇಳಬಹುದಾ?

'ವಾಟ್ ಆರ್ ಯು ಸೇಯಿಂಗ್?' ಅನ್ನಿ. 'ಏನು ಹೇಳ್ತಿದ್ದೀರಿ?' ಅನ್ನುವುದರಿಂದ ನೇರವಾಗಿ ಬಂದದ್ದು ಆ 'ಟೆಲಿಂಗ್'. ಅದನ್ನೇ ಇಟ್ಟುಕೊಳ್ಳಬೇಕು ಅಂದರೆ ಮನುಷ್ಯನನ್ನು ಸೇರಿಸಿ: 'ವಾಟ್ ಆರ್ ಯು ಟೆಲಿಂಗ್ ಮಿ?' ಆದರೆ ಅದಕ್ಕೆ 'ನನಗೆ ಏನು ಹೇಳೋಕೆ ಹೊರಟಿದ್ದೀರಿ' ಅನ್ನುವ ಧಾಟಿ ಬಂದುಬಿಡುತ್ತದೆ.

'ಸ್ಪೀಕ್' ಮತ್ತು 'ಟಾಕ್' ನಡುವೆ ನಿಜವಾಗಿ ವ್ಯತ್ಯಾಸ ಇದೆಯಾ? ಎರಡೂ ಒಂದೇ ಅನಿಸುತ್ತದೆ.

ಬಹಳ ಕಡೆ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು. 'ಐ ಸ್ಪೋಕ್ ಟು ಹಿಮ್ ಯೆಸ್ಟರ್‌ಡೇ', 'ಐ ಟಾಕ್ಡ್ ಟು ಹಿಮ್ ಯೆಸ್ಟರ್‌ಡೇ' ಎರಡೂ ಸರಿ. ಧಾಟಿ ಮಾತ್ರ ಬೇರೆ. 'ಸ್ಪೀಕ್' ಸ್ವಲ್ಪ ಅಂತರ ಇಟ್ಟುಕೊಳ್ಳುತ್ತದೆ, 'ಟಾಕ್' ಹತ್ತಿರದ್ದು.

ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ನೆನಪಿಸಿಕೊಳ್ಳಿ. ಸೆಕ್ರೆಟರಿ ಎದ್ದು ನಿಂತು ಲಿಫ್ಟ್ ರಿಪೇರಿ ಲೆಕ್ಕ ಹೇಳುತ್ತಾರೆ. 'ದ ಸೆಕ್ರೆಟರಿ ಸ್ಪೋಕ್ ಫಾರ್ ಟೆನ್ ಮಿನಿಟ್ಸ್'. ಒಬ್ಬರು ಮಾತಾಡಿದರು, ಉಳಿದವರು ಕೇಳಿದರು. ಸಭೆ ಮುಗಿದ ಮೇಲೆ ಚಹಾ ಹಿಡಿದು ಎಲ್ಲರೂ ಗುಂಪು ಗುಂಪಾಗಿ ನಿಂತರು. 'ವಿ ಟಾಕ್ಡ್ ಫಾರ್ ಆನ್ ಅವರ್'. ನಿಜವಾದ ವಿಷಯ ಎಲ್ಲ ಅಲ್ಲೇ ತೀರ್ಮಾನ ಆಗೋದು, ಅಲ್ವಾ.

ಸಭೆಯಲ್ಲಿ ಮಾತಾಡಲು ಅವಕಾಶ ಬೇಕಾದರೆ 'ಮೇ ಐ ಸೇ ಸಮ್‌ಥಿಂಗ್?' ಅಂತ ಕೇಳಿ. 'ಐ ವಾಂಟ್ ಟು ಟೆಲ್' ಅಂತ ಶುರು ಮಾಡಿ ಮುಂದೆ ಏನು ಅಂತ ಗೊತ್ತಾಗದೆ ಕೂತುಬಿಡುವವರನ್ನು ನೋಡಿದ್ದೇನೆ. ವಿಷಯ ಅವರ ಹತ್ತಿರ ಗಟ್ಟಿಯಾಗಿಯೇ ಇರುತ್ತದೆ. ಒಂದು ಕ್ರಿಯಾಪದಕ್ಕೋಸ್ಕರ ಅವರು ಸುಮ್ಮನಾಗುವುದು ನನಗೆ ತುಂಬಾ ನೋವಿನ ಸಂಗತಿ. ಈ ಪುಟ ಬರೆಯಲು ಅದೇ ಕಾರಣ.

ಭಾಷೆಯ ಹೆಸರಿನ ಪಕ್ಕ ಯಾವಾಗಲೂ 'ಸ್ಪೀಕ್'. 'ಐ ಸ್ಪೀಕ್ ಕನ್ನಡ ಅಂಡ್ ಮರಾಠಿ'. 'ಐ ಟಾಕ್ ಕನ್ನಡ' ಅನ್ನಬಾರದು. 'ದೇ ವರ್ ಟಾಕಿಂಗ್ ಇನ್ ಕನ್ನಡ' ಅನ್ನಬಹುದು, ಯಾಕೆಂದರೆ ನಡುವೆ 'ಇನ್' ಬಂದಿದೆ, ನಡೆಯುತ್ತಿರುವುದು ಮಾತುಕತೆ. ಅಸಂಬದ್ಧ ಮಾತಿಗೆ 'ಟಾಕ್ ನಾನ್‌ಸೆನ್ಸ್', ಧ್ವನಿ ಏರಿಸಿ ಅನ್ನಲು 'ಪ್ಲೀಸ್ ಸ್ಪೀಕ್ ಅಪ್'.

'ಟಾಕ್' ಅನ್ನುವಾಗ 'ಲ್' ಉಚ್ಚಾರ ಇಲ್ಲ. 'ಟಾಲ್ಕ್' ಅಂದರೆ ಪೌಡರ್ ಆಗಿಬಿಡುತ್ತದೆ.

ಫೋನಿನಲ್ಲಿ 'ಯೆಸ್, ಟೆಲ್ ಮಿ' ಅನ್ನುವುದು ನನ್ನ ಅಭ್ಯಾಸ. ತಪ್ಪೇನಾದರೂ ಇದೆಯಾ?

ವ್ಯಾಕರಣದ ತಪ್ಪಿಲ್ಲ. 'ಹಾಂ, ಹೇಳಿ', 'ಬೋಲಾ', 'ಬೋಲಿಯೇ' ಅನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತೇ. ನಮ್ಮ ದೇಶದವರ ಜೊತೆ ಅದು ಧಾರಾಳವಾಗಿ ನಡೆಯುತ್ತದೆ. ಹೊರದೇಶದ ಗ್ರಾಹಕರ ಕಿವಿಗೆ ಮಾತ್ರ ಸ್ವಲ್ಪ ಗಡುಸಾಗಿ ಕೇಳಿಸಬಹುದು, 'ಏನದು, ಬೇಗ ಹೇಳಿ' ಅಂದ ಹಾಗೆ. ಅಂಥ ಕಡೆ 'ಹೌ ಕ್ಯಾನ್ ಐ ಹೆಲ್ಪ್ ಯು?' ಅಥವಾ 'ಯೆಸ್, ಪ್ಲೀಸ್ ಗೋ ಅಹೆಡ್' ಅನ್ನಿ.

ಯಾರನ್ನಾದರೂ ಕೇಳಿಕೊಂಡು ಫೋನ್ ಮಾಡಿದಾಗ 'ಮೇ ಐ ಸ್ಪೀಕ್ ಟು ದ ಮ್ಯಾನೇಜರ್?' ಫೋನ್ ಎತ್ತಿದವರೇ ಆ ಮ್ಯಾನೇಜರ್ ಆಗಿದ್ದರೆ 'ಸ್ಪೀಕಿಂಗ್' ಅಂದರೆ ಸಾಕು. 'ಐ ಆಮ್ ಟಾಕಿಂಗ್' ಅನ್ನಬೇಡಿ.

ನಾನು ಹೋಟೆಲಿನಲ್ಲಿ ಕ್ಯಾಪ್ಟನ್. 'ಕಸ್ಟಮರ್ ಟೋಲ್ಡ್ ಮಿ ಟು ಬ್ರಿಂಗ್ ವಾಟರ್' ಸರಿಯಾ? 'ಐ ಟೋಲ್ಡ್ ದ ಓನರ್ ಟು ಗಿವ್ ಮಿ ಲೀವ್' ಸರಿಯಾ?

ಎರಡೂ ವ್ಯಾಕರಣದ ಪ್ರಕಾರ ಸರಿ. ಆದರೆ ಎರಡನೆಯದನ್ನು ಓನರ್ ಕೇಳಿಸಿಕೊಂಡರೆ ರಜೆ ಸಿಗುವುದು ಕಷ್ಟ.

'ಟೆಲ್' ಆದಮೇಲೆ ಮನುಷ್ಯ, ಆಮೇಲೆ 'ಟು' ಮತ್ತು ಒಂದು ಕೆಲಸ ಬಂದರೆ ಅದು ಅಪ್ಪಣೆ. 'ಐ ಟೋಲ್ಡ್ ದ ಬಾಯ್ ಟು ಕ್ಲೀನ್ ದ ಟೇಬಲ್' ಸರಿ, ಯಾಕೆಂದರೆ ಅದು ನೀವು ವಹಿಸಿದ ಕೆಲಸ. ಮೇಲಿನವರ ಹತ್ತಿರ ಏನಾದರೂ ಬೇಕಾದಾಗ 'ಆಸ್ಕ್': 'ಐ ಆಸ್ಕ್ಡ್ ದ ಓನರ್ ಟು ಗಿವ್ ಮಿ ಲೀವ್', ಅಥವಾ ಇನ್ನೂ ಸಹಜವಾಗಿ 'ಐ ಆಸ್ಕ್ಡ್ ದ ಓನರ್ ಫಾರ್ ಲೀವ್'. ಗ್ರಾಹಕರ ಬಗ್ಗೆಯೂ 'ದ ಕಸ್ಟಮರ್ ಆಸ್ಕ್ಡ್ ಫಾರ್ ವಾಟರ್' ಅನ್ನುವುದು ಚೆಂದ. ಕನ್ನಡದಲ್ಲಿ 'ರಜೆ ಕೊಡೋಕೆ ಹೇಳಿದೆ' ಅಂದರೆ ಯಾರಿಗೂ ಅಷ್ಟು ಬೇಸರ ಆಗುವುದಿಲ್ಲ, 'ಹೇಳು' ಮೆತ್ತಗಿದೆ. 'ಟೆಲ್' ಅಷ್ಟು ಮೆತ್ತಗಿಲ್ಲ. ಹೋಟೆಲ್, ಆಫೀಸು, ಆಸ್ಪತ್ರೆ, ಎಲ್ಲೇ ಕೆಲಸ ಮಾಡುವವರಿಗೂ ಈ ಒಂದು ವ್ಯತ್ಯಾಸ ಗೊತ್ತಿರಲೇಬೇಕು.

'ಆಸ್ಕ್' ಜೊತೆಗೂ 'ಟು ಹಿಮ್' ಬೇಡ. 'ಐ ಆಸ್ಕ್ಡ್ ಹಿಮ್' ಅಷ್ಟೇ.

ಬೋರ್ಡ್, ನೋಟೀಸ್, ಇಂಡಿಕೇಟರ್ ಇವುಗಳಿಗೆ ಯಾವುದು?

'ಸೇ'. 'ದ ಇಂಡಿಕೇಟರ್ ಸೆಝ್ ಇಟ್ ಈಸ್ ಎ ಸ್ಲೋ ಟ್ರೇನ್'. 'ದ ನೋಟೀಸ್ ಸೆಝ್ ದೇರ್ ಈಸ್ ನೋ ವಾಟರ್ ಟುಮಾರೊ'. ಕನ್ನಡದಲ್ಲಿ 'ಅಂತ ಬರೆದಿದೆ', 'ಅಂತ ಇದೆ' ಅನ್ನುತ್ತೇವೆ. ಅದಕ್ಕೇ ಬಹಳ ಜನ 'ಇಟ್ ಈಸ್ ರಿಟನ್ ದಟ್' ಅಂತ ಉದ್ದ ಎಳೆಯುತ್ತಾರೆ. ಬೇಡ, 'ಸೆಝ್' ಸಾಕು.

'ಐ ವಾಸ್ ಸೆಡ್' ಅಂತ ಬರೆದಿದ್ದಕ್ಕೆ ಮೇಲಧಿಕಾರಿ ಕೆಂಪು ಗೆರೆ ಎಳೆದರು. ಯಾಕೆ?

ಮನುಷ್ಯನನ್ನು ಮುಂದೆ ತಂದು 'ನನಗೆ ಹೇಳಲಾಯಿತು' ಅನ್ನಬೇಕಾದರೆ 'ಐ ವಾಸ್ ಟೋಲ್ಡ್' ಮಾತ್ರ. ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಕ್ರಿಯಾಪದಕ್ಕಷ್ಟೇ ಅವನನ್ನು ಮುಂದೆ ತರಲು ಸಾಧ್ಯ. 'ಐ ವಾಸ್ ಟೋಲ್ಡ್ ದಟ್ ದ ಫಾರ್ಮ್ ವಾಸ್ ರಿಜೆಕ್ಟೆಡ್'. ಜನ ಹೀಗೆ ಹೇಳುತ್ತಾರೆ ಅನ್ನುವಾಗ 'ಇಟ್ ಈಸ್ ಸೆಡ್ ದಟ್'. ಅಲ್ಲಿ ಕೇಳಿಸಿಕೊಂಡವರು ಯಾರು ಅನ್ನುವ ಪ್ರಶ್ನೆಯೇ ಇಲ್ಲ. 'ಹಿ ಈಸ್ ಸೆಡ್ ಟು ಬಿ ವೆರಿ ರಿಚ್' ಅಂದರೆ ಅವನು ದೊಡ್ಡ ಶ್ರೀಮಂತನಂತೆ. ನಮ್ಮ ಆ 'ಅಂತೆ'ಗೆ ಇದು ಒಳ್ಳೆಯ ಜೋಡಿ.

'ಎಕ್ಸ್‌ಪ್ಲೇನ್ ಮಿ', 'ಡಿಸ್ಕಸ್ ಅಬೌಟ್', 'ಸಜೆಸ್ಟ್ ಮಿ' ಇವೆಲ್ಲ?

ಮೂರೂ ತಪ್ಪು, ಮೂರೂ ದಿನಾ ಕೇಳಿಬರುತ್ತವೆ. 'ಎಕ್ಸ್‌ಪ್ಲೇನ್' ನಡೆಯುವುದು 'ಸೇ' ದಾರಿಯಲ್ಲಿ: 'ಎಕ್ಸ್‌ಪ್ಲೇನ್ ಇಟ್ ಟು ಮಿ'. 'ಸಜೆಸ್ಟ್' ಕೂಡ ಹಾಗೇ. 'ಸಜೆಸ್ಟ್ ಮಿ ಎ ಡಾಕ್ಟರ್' ಬದಲು 'ಕ್ಯಾನ್ ಯು ಸಜೆಸ್ಟ್ ಎ ಡಾಕ್ಟರ್?' ಅನ್ನಿ, ಆ 'ಮಿ' ಬೇಕಾಗುವುದೇ ಇಲ್ಲ. 'ಇನ್ಫಾರ್ಮ್' ನಡೆಯುವುದು 'ಟೆಲ್' ದಾರಿಯಲ್ಲಿ: 'ಐ ಇನ್ಫಾರ್ಮ್ಡ್ ದ ಬ್ಯಾಂಕ್'. 'ಇನ್ಫಾರ್ಮ್ಡ್ ಟು ದ ಬ್ಯಾಂಕ್' ಅಲ್ಲ.

'ಡಿಸ್ಕಸ್', 'ಮೆನ್ಷನ್' ಎರಡಕ್ಕೂ 'ಅಬೌಟ್' ಬೇಡ. 'ವಿ ಡಿಸ್ಕಸ್ಡ್ ದ ಪ್ರಾಬ್ಲಂ'. 'ಅದರ ಬಗ್ಗೆ ಚರ್ಚಿಸಿದೆವು' ಅನ್ನುವ ನಮ್ಮ 'ಬಗ್ಗೆ' ಅಲ್ಲಿ ನುಸುಳುತ್ತದೆ. 'ಎ ಡಿಸ್ಕಷನ್ ಅಬೌಟ್' ಸರಿ, ಅದು ನಾಮಪದ. 'ಟಾಕ್ ಅಬೌಟ್' ಸರಿ, ಅದಕ್ಕೆ 'ಅಬೌಟ್' ಬೇಕೇ ಬೇಕು.

'ಬಾಸ್ ಫೈರ್ಡ್ ಮಿ' ಅಂತ ಅಮೆರಿಕದಲ್ಲಿರುವ ಮಗನಿಗೆ ಬರೆದೆ. ಅವನು ಗಾಬರಿಯಾಗಿ ಫೋನ್ ಮಾಡಿದ.

ಗಾಬರಿಯಾಗದೆ ಇರುತ್ತಾನಾ? ನಮ್ಮಲ್ಲಿ 'ಫೈರ್' ಅಂದರೆ ಬೈಯುವುದು. ಅಲ್ಲಿ 'ಫೈರ್ಡ್ ಮಿ' ಅಂದರೆ ಕೆಲಸದಿಂದ ತೆಗೆದುಹಾಕಿದರು ಅಂತ. ಬೈದರು ಅನ್ನಲು 'ಹಿ ಶೌಟೆಡ್ ಅಟ್ ಮಿ', ಅಥವಾ 'ಹಿ ಟೋಲ್ಡ್ ಮಿ ಆಫ್'. ಕೊನೆಯಲ್ಲಿ 'ಆಫ್' ಸೇರಿದರೆ ಸಾಕು, ಹೇಳಿದರು ಅನ್ನುವುದು ಬೈದರು ಆಗುತ್ತದೆ.

'ಡಿಡ್ ಯು ಟೋಲ್ಡ್ ಹಿಮ್?' ಅಂದಾಗ ಮಗಳು ನಗುತ್ತಾಳೆ.

'ಡಿಡ್' ಬಂದಮೇಲೆ ಕ್ರಿಯಾಪದ ಮೂಲ ರೂಪಕ್ಕೆ ಮರಳುತ್ತದೆ. 'ಡಿಡ್ ಯು ಟೆಲ್ ಹಿಮ್?', 'ಐ ಡಿಡ್ ನಾಟ್ ಸೇ ದಟ್'. ಭೂತಕಾಲ 'ಡಿಡ್' ಒಳಗೇ ಇದೆ. ಕನ್ನಡದಲ್ಲೂ 'ಹೇಳಲಿಲ್ಲ' ಅನ್ನುತ್ತೇವೆ, 'ಹೇಳಿದಲಿಲ್ಲ' ಅನ್ನುವುದಿಲ್ಲ.

ರೂಪಗಳು ಹೀಗೆ: ಸೇ, ಸೆಡ್, ಸೆಡ್. ಟೆಲ್, ಟೋಲ್ಡ್, ಟೋಲ್ಡ್. ಸ್ಪೀಕ್, ಸ್ಪೋಕ್, ಸ್ಪೋಕನ್. ಟಾಕ್, ಟಾಕ್ಡ್, ಟಾಕ್ಡ್. 'ಐ ಹ್ಯಾವ್ ಸ್ಪೋಕ್' ಅಲ್ಲ, 'ಐ ಹ್ಯಾವ್ ಸ್ಪೋಕನ್'. ಉಚ್ಚಾರದಲ್ಲಿ ಒಂದು ಎಚ್ಚರ: 'ಸೇಸ್' ಅನ್ನಬಾರದು, 'ಸೆಝ್'. 'ಸೇಡ್' ಅನ್ನಬಾರದು, 'ಸೆಡ್'. ಬರಹ ನೋಡಿ ಓದಿದರೆ ಮೋಸ ಹೋಗುತ್ತೀರಿ.

ಮಗನಿಗೆ ಡೈರೆಕ್ಟ್, ಇನ್‌ಡೈರೆಕ್ಟ್ ಸ್ಪೀಚ್ ಹೇಳಿಕೊಡಬೇಕು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನಿಂದ ಆಗುತ್ತಾ?

ಖಂಡಿತ ಆಗುತ್ತದೆ. ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಲ್ಲಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದವರೇ ಈ ಊರಲ್ಲಿ ಬ್ಯಾಂಕು, ಹೋಟೆಲು, ಆಫೀಸು ನಡೆಸಿದ್ದಾರೆ. ನಿಮಗೆ ಕನ್ನಡದ ವ್ಯಾಕರಣ ಗೊತ್ತಿರುವುದು ಒಂದು ಬಲ.

ಆಡಿದ ಮಾತನ್ನು ಹಾಗೇ ಒಪ್ಪಿಸಿದರೆ ಡೈರೆಕ್ಟ್, ಅದನ್ನೇ ನಮ್ಮ ಮಾತಿನಲ್ಲಿ ತಿರುಗಿಸಿ ಹೇಳಿದರೆ ಇನ್‌ಡೈರೆಕ್ಟ್. ಹಾಗೆ ತಿರುಗಿಸುವಾಗ ಸಾಮಾನ್ಯ ಹೇಳಿಕೆಯಲ್ಲಿ 'ಸೆಡ್ ಟು' ಇದ್ದದ್ದು 'ಟೋಲ್ಡ್' ಆಗುತ್ತದೆ. 'ರಾಹುಲ್ ಸೆಡ್ ಟು ಮಿ, ಐ ಆಮ್ ಗೋಯಿಂಗ್ ಟು ಪುಣೆ ಟುಮಾರೊ' ಅನ್ನುವುದು 'ರಾಹುಲ್ ಟೋಲ್ಡ್ ಮಿ ದಟ್ ಹಿ ವಾಸ್ ಗೋಯಿಂಗ್ ಟು ಪುಣೆ ದ ನೆಕ್ಸ್ಟ್ ಡೇ' ಆಗುತ್ತದೆ. ಯಾರಿಗೆ ಅಂತ ಇಲ್ಲದಿದ್ದರೆ 'ಸೆಡ್' ಹಾಗೇ ಉಳಿಯುತ್ತದೆ.

ಪ್ರಶ್ನೆ ಇದ್ದರೆ 'ಸೆಡ್ ಟು' ಹೋಗಿ 'ಆಸ್ಕ್ಡ್' ಬರುತ್ತದೆ. ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ. 'ಶಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್' ಸರಿ. 'ವೇರ್ ಡಿಡ್ ಐ ಲಿವ್' ಅಂತ ಬರೆದರೆ ಪ್ರಶ್ನೆಯ ಜೋಡಣೆ ಹಾಗೇ ಉಳಿದುಬಿಟ್ಟಿತು. 'ಎಲ್ಲಿದ್ದೀಯ ಅಂತ ಕೇಳಿದಳು' ಅನ್ನುವಾಗ ಕನ್ನಡದಲ್ಲಿ ಪ್ರಶ್ನೆ ಇದ್ದ ಹಾಗೇ ಇರುತ್ತದೆ, ಇಂಗ್ಲಿಷಿನಲ್ಲಿ ಅದನ್ನು ಬಿಚ್ಚಿ ಸಾಮಾನ್ಯ ವಾಕ್ಯದ ಹಾಗೆ ಜೋಡಿಸಬೇಕು. ಜೊತೆಗೆ 'ದಟ್' ಬರಬಾರದು. ಹೌದು, ಇಲ್ಲ ಅನ್ನುವ ಉತ್ತರದ ಪ್ರಶ್ನೆಗೆ 'ಇಫ್' ಅಥವಾ 'ವೆದರ್': 'ಹಿ ಆಸ್ಕ್ಡ್ ಮಿ ಇಫ್ ಐ ಸ್ಪೋಕ್ ಮರಾಠಿ'.

ಅಪ್ಪಣೆಗೆ 'ಟೋಲ್ಡ್' ಅಥವಾ 'ಆರ್ಡರ್ಡ್', ವಿನಂತಿಗೆ 'ರಿಕ್ವೆಸ್ಟೆಡ್', ಎರಡಕ್ಕೂ ಆಮೇಲೆ 'ಟು'. ಬೇಡ ಅಂದಿದ್ದರೆ 'ನಾಟ್ ಟು': 'ದ ಟೀಚರ್ ಟೋಲ್ಡ್ ಅಸ್ ನಾಟ್ ಟು ರನ್'. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವಂಥ ಸದಾ ನಿಜವಾದ ಮಾತಿಗೆ ಕಾಲ ಬದಲಿಸಬೇಕಾಗಿಲ್ಲ.

ಇಲ್ಲಿ ಎಲ್ಲರೂ ಹೀಗೇ ಮಾತಾಡುತ್ತಾರೆ, ಎಲ್ಲರಿಗೂ ಅರ್ಥ ಆಗುತ್ತದೆ. ತಿದ್ದಿಕೊಳ್ಳಲೇಬೇಕಾ?

ಗೆಳೆಯರ ಜೊತೆ, ಟ್ರೇನಿನಲ್ಲಿ, ಅಂಗಡಿಯಲ್ಲಿ ಬೇಕಾಗಿಲ್ಲ. ಅಲ್ಲಿ ಧೈರ್ಯವಾಗಿ ಮಾತಾಡಿ, ಯಾರೂ ನಿಮ್ಮನ್ನು ಪರೀಕ್ಷೆ ಮಾಡುತ್ತಿಲ್ಲ. ಮಾತಿನ ನಡುವೆ ಯಾರಾದರೂ ತಿದ್ದಲು ಬಂದರೆ ನನಗೂ ಹಿಡಿಸುವುದಿಲ್ಲ. ಆದರೆ ಇಂಟರ್‌ವ್ಯೂ, ಆಫೀಸ್ ಮೇಲ್, ಪೊಲೀಸ್ ಠಾಣೆಗೆ ಕೊಡುವ ದೂರು, ಸೊಸೈಟಿಗೆ ಬರೆಯುವ ಪತ್ರ ಇಂಥ ಕಡೆ ತಿದ್ದಿಕೊಳ್ಳಿ. ದೂರಿನಲ್ಲಿ ಯಾರು ಯಾರಿಗೆ ಏನು ಹೇಳಿದರು ಅನ್ನುವುದೇ ಮುಖ್ಯ. ಅಲ್ಲಿ ಬರೀ 'ಟೋಲ್ಡ್' ಅಂತ ಬರೆದು ಯಾರಿಗೆ ಅನ್ನುವುದನ್ನು ಬಿಟ್ಟರೆ ಓದುವವರಿಗೆ ವಿಷಯವೇ ತಿಳಿಯುವುದಿಲ್ಲ.

ಇಂಟರ್‌ವ್ಯೂನಲ್ಲಿ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂತ ಕೇಳುತ್ತಾರೆ. 'ಐ ವಿಲ್ ಸೇ ಅಬೌಟ್ ಮೈಸೆಲ್ಫ್' ಅಂತ ಪೀಠಿಕೆ ಹಾಕಬೇಡಿ. ನೇರವಾಗಿ ಶುರು ಮಾಡಿ: ಓದಿದ್ದೇನು, ಮಾಡಿದ ಕೆಲಸ ಏನು, ಎಷ್ಟು ಭಾಷೆ ಬರುತ್ತದೆ. 'ಐ ಸ್ಪೀಕ್ ಫೋರ್ ಲ್ಯಾಂಗ್ವೇಜಸ್' ಅನ್ನುವುದನ್ನು ಮುಂಬಯಿ ಕನ್ನಡಿಗರು ಯಾಕೋ ಹೇಳುವುದೇ ಇಲ್ಲ. ಹೇಳಿ.

ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಅಭ್ಯಾಸ ಹೇಗೆ ಮಾಡಲಿ?

ಕನ್ನಡ ಪೇಪರ್ ತರಿಸುತ್ತೀರಲ್ಲ, ಅದನ್ನೇ ಬಳಸಿ. ಮಾಟುಂಗದಲ್ಲೋ ಠಾಣೆಯಲ್ಲೋ ನಡೆದ ಸಂಘದ ಕಾರ್ಯಕ್ರಮದ ವರದಿ ತೆಗೆಯಿರಿ. ಅದರಲ್ಲಿ 'ಮಾತನಾಡಿದರು', 'ಎಂದರು', 'ಹೇಳಿದರು', 'ತಿಳಿಸಿದರು', 'ಮನವಿ ಮಾಡಿದರು' ಇವೆಲ್ಲ ಸಾಲಾಗಿ ಬಂದಿರುತ್ತವೆ. ಪ್ರತಿಯೊಂದರ ಕೆಳಗೆ ಗೆರೆ ಹಾಕಿ, ಇಂಗ್ಲಿಷಿನಲ್ಲಿ ಯಾವುದು ಅಂತ ಪಕ್ಕದಲ್ಲಿ ಬರೆಯಿರಿ.

'ಅಧ್ಯಕ್ಷರು ಸಭೆಯಲ್ಲಿ ಮಾತನಾಡಿದರು' ಅಂದರೆ 'ಸ್ಪೋಕ್'. 'ಸದಸ್ಯರ ಸಂಖ್ಯೆ ಹೆಚ್ಚಬೇಕು ಎಂದರು' ಅಂದರೆ 'ಸೆಡ್'. 'ಮುಂದಿನ ಕಾರ್ಯಕ್ರಮದ ವಿವರವನ್ನು ಸದಸ್ಯರಿಗೆ ತಿಳಿಸಿದರು' ಅಂದರೆ 'ಟೋಲ್ಡ್' ಅಥವಾ 'ಇನ್ಫಾರ್ಮ್ಡ್'. 'ದೇಣಿಗೆ ನೀಡುವಂತೆ ಮನವಿ ಮಾಡಿದರು' ಅಂದರೆ 'ಆಸ್ಕ್ಡ್' ಅಥವಾ 'ರಿಕ್ವೆಸ್ಟೆಡ್'. ಅನುಮಾನ ಬಂದ ಕಡೆ ಗುರುತು ಹಾಕಿಟ್ಟುಕೊಂಡು ಕ್ಲಾಸಿಗೆ ಬರುವಾಗ ಪೇಪರನ್ನೇ ತನ್ನಿ, ಕೂತು ನೋಡೋಣ.